ಘಟ್ಟ ಇಳಿದ ಮೇಲೆ ಬರುವ ನೀಲಿ ಹೊಗೆ

ಗುಂಡ್ಲುಪೇಟೆಯಿಂದ ಮುತ್ತಂಗ, ಸುಲ್ತಾನ್ ಬತ್ತೇರಿ, ಕಲ್ಪೆಟ್ಟಾ ದಾಟಿ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಲಕ್ಕಿಡಿಯಲ್ಲಿ ವಯನಾಡಿನ ಅಂಚು ಮುಟ್ಟುತ್ತದೆ. ಅಲ್ಲಿಂದ ತಾಮರಶ್ಶೇರಿ ಚುರ, ಅಂದರೆ ಘಟ್ಟದ ದಾರಿ, ಒಂಬತ್ತು ಹೇರ್‌ಪಿನ್ ತಿರುವು. ಹಳೆಯ ಪೆಟ್ರೋಲ್ ಜೀಪೊಂದು ಕೆಳ ಗೇರಿನಲ್ಲಿ ಇದನ್ನಿಳಿದು ಅಡಿವಾರ ತಲುಪಿ, ಚಾಲಕ ಮತ್ತೆ ಆಕ್ಸಿಲರೇಟರ್ ಒತ್ತಿದೊಡನೆ ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ, ಎಂಜಿನ್ನಿನ ಒಳಭಾಗ ಸವೆದಿದೆ ಎಂದೇ ತಿಳಿಯಬೇಕು. ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿರುತ್ತದೆ, ಎಂಜಿನ್ನನ್ನು ತಿರುಗಿಸುವುದು ಚಕ್ರಗಳು. ಆಗ ಸಿಲಿಂಡರಿನಲ್ಲಿ ಹುಟ್ಟುವ ನಿರ್ವಾತ ಸಡಿಲಾದ ಪಿಸ್ಟನ್ ರಿಂಗು, ವಾಲ್ವ್ ಗೈಡುಗಳ ಸಂದಿಯಿಂದ ಆಯಿಲ್ ಹೀರಿಕೊಳ್ಳುತ್ತದೆ. ಕಾಲೊತ್ತಿದಾಗ ಉರಿಯುವುದು ಅದೇ.

ಎಡಕ್ಕಲ್ ಗುಹೆಯ ಕಡೆಗೆ, ತೋಟಗಳ ಏರುದಾರಿಗೆ ಇವತ್ತು ಓಡುವ ಜೀಪುಗಳು ಬಹುತೇಕ ಡೀಸೆಲ್. ನಾನು ಹೇಳುತ್ತಿರುವುದು ಮಹೀಂದ್ರ ಸಂಸ್ಥೆ ವಿಲ್ಲಿಸ್ ವಿನ್ಯಾಸದಲ್ಲಿ ತಯಾರಿಸುತ್ತಿದ್ದ ಜೀಪುಗಳ 'ಹರಿಕೇನ್' ಎಂಜಿನ್ ಬಗ್ಗೆ. ನಾಲ್ಕು ಸಿಲಿಂಡರು, 2.2 ಲೀಟರು. ಬೋರು 79.4 ಮಿ.ಮೀ., ಸ್ಟ್ರೋಕು 111 ಮಿ.ಮೀ. ತೋಟದೊಳಗಿನ ಚಿಕ್ಕ ಓಡಾಟ ಇದಕ್ಕೆ ಒಳ್ಳೆಯದಲ್ಲ. ಎಂಜಿನ್ ಕಾಯುವ ಮೊದಲೇ ಆಫ್ ಆದರೆ ದಹನದಿಂದ ಬಂದ ನೀರಾವಿ, ಆಮ್ಲ ಸಿಲಿಂಡರಿನ ಗೋಡೆಯಲ್ಲೇ ತಂಗುತ್ತವೆ. ಬೇಸಿಗೆಯಲ್ಲಿ ಮಣ್ಣುರಸ್ತೆಯ ಧೂಳು ಬೇರೆ.

ಆದರೆ ಸವೆತ ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಪಿಸ್ಟನ್ ಮೇಲ್ತುದಿ ಮುಟ್ಟಿ ಹಿಂತಿರುಗುವ ಗಳಿಗೆಯಲ್ಲಿ ಅದರ ವೇಗ ಸೊನ್ನೆ, ಹಾಗಾಗಿ ಆಯಿಲ್ ಪದರ ತೆಳುವಾಗುತ್ತದೆ. ಉರಿಯ ಒತ್ತಡ ಅತಿ ಹೆಚ್ಚಿರುವುದೂ ಅಲ್ಲೇ. ಹೀಗಾಗಿ ಸಿಲಿಂಡರು ಮೇಲ್ಭಾಗದಲ್ಲಿ ಅಗಲವಾಗುತ್ತದೆ. ಕನೆಕ್ಟಿಂಗ್ ರಾಡ್ ಓರೆಯಾಗಿ ತಳ್ಳುವುದರಿಂದ ಒಂದಿಷ್ಟು ಅಂಡಾಕಾರವೂ ಆಗುತ್ತದೆ. ರಿಂಗು ತಲುಪದ ತುದಿಯಲ್ಲಿ ಮಾತ್ರ ಸವೆಯದ ಅಂಚೊಂದು ಉಳಿಯುತ್ತದೆ. ಅದನ್ನು ಕೆರೆಯದೆ ಹೊಸ ರಿಂಗು ಹಾಕಿದರೆ ಅದರ ಚೂಪು ಮೂಲೆ ಬಡಿದು ರಿಂಗೇ ಮುರಿಯಬಹುದು.

ಅಳೆಯಲು ದುಬಾರಿ ಉಪಕರಣವೇ ಬೇಕೆಂದಿಲ್ಲ. ರಿಂಗೊಂದನ್ನು ಪಿಸ್ಟನ್ ತಲೆಯಿಂದ ನೇರವಾಗಿ ಸಿಲಿಂಡರಿನ ತಳಕ್ಕೆ ತಳ್ಳಿ ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ನೋಡಿ. 12 ಥೌ ಎನ್ನೋಣ. ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು. ಅದೇ ರಿಂಗನ್ನು ಅಂಚಿನ ತುಸು ಕೆಳಗೆ ತಂದಾಗ 44 ಥೌ ಬಂದರೆ ವ್ಯತ್ಯಾಸ 32. ಪರಿಧಿ ವ್ಯಾಸದ 3.14 ಪಟ್ಟು ತಾನೆ? ಭಾಗಿಸಿದರೆ ಮೇಲ್ಭಾಗದ ವ್ಯಾಸ ಸುಮಾರು 10 ಥೌ, ಅಂದರೆ ಕಾಲು ಮಿಲಿಮೀಟರ್ ಹಿಗ್ಗಿದೆ. ನಿಮಿಷಕ್ಕೆ 3,000 ಸುತ್ತಿನಲ್ಲಿ ಆ ರಿಂಗು ಸೆಕೆಂಡಿಗೆ 50 ಸಲ ಅರಳಿ 50 ಸಲ ಮುದುಡಬೇಕು. ಇಂಥ ಬೋರಿಗೆ ಬರೀ ರಿಂಗು ಬದಲಿಸುವುದು ದುಡ್ಡು ದಂಡ, ಬೋರ್ ಮಾಡಿಸಲೇಬೇಕು.

ಎಷ್ಟಕ್ಕೆ? ಇಲ್ಲಿ ನನ್ನದು ಸ್ವಲ್ಪ ಹಟದ ಮಾತು. 20 ಥೌ ಓವರ್‌ಸೈಜಿಗೆ ಗೋಡೆ ಶುದ್ಧವಾಗುವಾಗ, ಸಿಕ್ಕ ಪಿಸ್ಟನ್ ಸೆಟ್ 40ರದ್ದು ಎಂಬ ಕಾರಣಕ್ಕೆ 40ಕ್ಕೆ ಕೊರೆಸಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಕೊಯಮತ್ತೂರಿನಲ್ಲೋ ಇನ್ನಷ್ಟು ಹುಡುಕಿ, ಕಾಯಿರಿ. ಪಿಸ್ಟನ್ ಮತ್ತೆ ಸಿಕ್ಕೀತು, ಕೊರೆದ ಕಬ್ಬಿಣ ಮರಳದು. ಮಿತಿ ಮೀರಿದ ಬ್ಲಾಕಿಗೆ ಸ್ಲೀವ್ ಹಾಕಿಸಬಹುದು, ನಿಜ. ಅದು ಕೊನೆಯ ದಾರಿ. ಕ್ರ್ಯಾಂಕಿಗೂ ಇದೇ ಲೆಕ್ಕ. ಗ್ರೈಂಡ್ ಮಾಡಿಸಿದಷ್ಟೂ ಅದು ಕಿರಿದಾಗುತ್ತದೆ, ಬೇರಿಂಗು ದಪ್ಪನಾದದ್ದು ಬೇಕಾಗುತ್ತದೆ.

ಬೋರ್ ಆದ ಗೋಡೆ ಕನ್ನಡಿಯಂತೆ ಹೊಳೆಯಬಾರದು. ಹೋನಿಂಗ್ ಕಲ್ಲು ಅಡ್ಡಡ್ಡ ಎಳೆದ ಸಣ್ಣ ಗೀರುಗಳಲ್ಲೇ ಆಯಿಲ್ ನಿಲ್ಲುವುದು. ಹೋನಿಂಗ್ ಪುಡಿಯನ್ನು ಸೋಪುನೀರಿನಲ್ಲಿ ತಿಕ್ಕಿ ತೊಳೆಯಬೇಕು, ಪೆಟ್ರೋಲ್ ಸುರಿದರೆ ಸಾಲದು. ಆಮೇಲೆ ಗಂಟೆಗಟ್ಟಲೆ ಐಡಲಿಂಗ್‌ನಲ್ಲಿ ಬಿಡುವ ರೂಢಿಯೂ ಬೇಡ. ದಹನದ ಅನಿಲ ಹಿಂದಿನಿಂದ ಗೋಡೆಗೆ ಒತ್ತಿದರಷ್ಟೇ ರಿಂಗು ಕೂರುತ್ತದೆ, ಒತ್ತಡವಿಲ್ಲದಿದ್ದರೆ ಗೀರುಗಳ ಮೇಲೆ ಆಯಿಲ್ ಮೆರುಗುಗಟ್ಟುತ್ತದೆ. ಬತ್ತೇರಿಯಿಂದ ಕಲ್ಪೆಟ್ಟಾದವರೆಗಿನ ಏರಿಳಿತದ ರಸ್ತೆ ಈ ಕೆಲಸಕ್ಕೆ ಚೆನ್ನ. ಲೋಡ್ ಹೊತ್ತು ಚುರ ಹತ್ತಿಸುವುದು ಮೊದಲ ಆಯಿಲ್ ಬದಲಾಯಿಸಿದ ಮೇಲೆ.