ಅಂಬಾಸಿಡರ್ ಹಿಂದೆ ಕೂತಿದೆಯೇ? ಪ್ಲೇಟ್ ಬಡಿಸುವ ಮೊದಲು ಇದನ್ನು ತಿಳಿದುಕೊಳ್ಳಿ

ಒಂದು ಕಾಲದಲ್ಲಿ ಕಾಸರಗೋಡು, ಉಪ್ಪಳ, ಮಂಜೇಶ್ವರದ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಸಾಲಾಗಿ ನಿಂತಿರುತ್ತಿದ್ದ ಅಂಬಾಸಿಡರ್ ಕಾರುಗಳು ಈಗ ಅಲ್ಲೊಂದು ಇಲ್ಲೊಂದು ಉಳಿದಿವೆ. ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 2014ರ ಮೇ ತಿಂಗಳಲ್ಲಿ ಉತ್ಪಾದನೆ ನಿಂತ ಮೇಲೆ ಹೊಸದು ಬರುವ ಮಾತೇ ಇಲ್ಲ. ಉಳಿದಿರುವುದು ಹೆಚ್ಚಾಗಿ ತಂದೆಯ ಕಾಲದ ಗಾಡಿ. ಮಗ ಗಲ್ಫ್‌ನಲ್ಲಿ, ಗಾಡಿ ಶೆಡ್ಡಿನಲ್ಲಿ. ಎರಡು ವರ್ಷಕ್ಕೊಮ್ಮೆ ರಜೆಗೆ ಬಂದಾಗ ಟಾರ್ಪಾಲು ತೆಗೆದು ನೋಡಿದರೆ ಮೂತಿ ಮೇಲೆ, ಬಾಲ ಕೆಳಗೆ. "ಪ್ಲೇಟ್ ಕೂತಿದೆ, ಬಡಿಸಿದರೆ ಸರಿಯಾಗ್ತದೆ" ಅಂತ ಗ್ಯಾರೇಜಿನಲ್ಲಿ ಹೇಳುತ್ತಾರೆ. ಸರಿಯಾಗುವುದೂ ಉಂಟು. ಆದರೆ ಆರು ತಿಂಗಳಲ್ಲಿ ಮತ್ತೆ ಕೂರುವುದೂ ಉಂಟು, ನಡುದಾರಿಯಲ್ಲಿ ಪ್ಲೇಟ್ ತುಂಡಾಗುವುದೂ ಉಂಟು.

ಅಂಬಾಸಿಡರ್ ಎಂಬುದು ಮೂಲತಃ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರು. ಮುಂದಿನ ಚಕ್ರಗಳಿಗೆ ತಿರುಚುವ ಸರಳು, ಅಂದರೆ ಟಾರ್ಶನ್ ಬಾರ್. ಹಿಂದೆ ಗಟ್ಟಿ ಆಕ್ಸಲ್, ಅದಕ್ಕೆ ಎಡಬಲದಲ್ಲಿ ಒಂದೊಂದು ಲೀಫ್ ಸ್ಪ್ರಿಂಗ್. ಪ್ರೀಮಿಯರ್ ಪದ್ಮಿನಿಗೂ ಹಿಂದೆ ಇದೇ ವ್ಯವಸ್ಥೆ. ಹಳೇ ಮಹೀಂದ್ರ ಜೀಪಿನಲ್ಲಿ ನಾಲ್ಕೂ ಚಕ್ರಕ್ಕೆ ಪ್ಲೇಟ್. ಹಾಗಾಗಿ ಇಲ್ಲಿ ಹೇಳುವ ಬಹುಪಾಲು ಮಾತು ಆ ಗಾಡಿಗಳಿಗೂ ಸಲ್ಲುತ್ತದೆ.

ಈ ಪ್ಲೇಟ್‌ಗಳ ಕೆಲಸ ಬರೀ ಗಾಡಿಯನ್ನು ಎತ್ತಿ ಹಿಡಿಯುವುದು ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಹಿಂದಿನ ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಟ್ಟಿರುವುದೂ ಅವೇ. ಎಂಜಿನ್ ಚಕ್ರವನ್ನು ತಿರುಗಿಸಿದಾಗ ಗಾಡಿಯನ್ನು ಮುಂದೆ ತಳ್ಳುವ ಬಲ, ಬ್ರೇಕ್ ಹಾಕಿದಾಗ ಹಿಂದೆ ಎಳೆಯುವ ಬಲ, ಎರಡೂ ಬಾಡಿಗೆ ತಲುಪುವುದು ಮೇನ್ ಪ್ಲೇಟಿನ ಮುಂದಿನ ಅರ್ಧದ ಮೂಲಕ. ಅದು ತುಂಡಾದರೆ ಗಾಡಿ ಕೂರುವುದಷ್ಟೇ ಅಲ್ಲ, ಆಕ್ಸಲ್ ಒಂದು ಬದಿಗೆ ಓರೆಯಾಗುತ್ತದೆ. ಹೈವೇಯಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಹೋಗುವಾಗ ಹಿಂದಿನ ಚಕ್ರಗಳೇ ಸ್ಟಿಯರಿಂಗ್ ತಿರುಗಿಸಿದಂತೆ ಆದರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ.

ಮೊದಲು ಅಳತೆ

ಕಣ್ಣಂದಾಜು ಸಾಲದು. ಸಮತಟ್ಟಾದ ಸಿಮೆಂಟು ನೆಲದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಟಯರಿಗೆ ಸರಿಯಾದ ಗಾಳಿ ಹಾಕಿ, ಡಿಕ್ಕಿಯಲ್ಲಿರುವ ಸಾಮಾನು ಇಳಿಸಿ. ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರ್ ಕೂರಿಸಿದ್ದರೆ ಅದರ ಭಾರವೂ ಲೆಕ್ಕಕ್ಕೆ ಬರುತ್ತದೆ ಎಂಬುದು ನೆನಪಿರಲಿ. ಗಾಡಿಯನ್ನು ಕೈಯಿಂದ ನಾಲ್ಕೈದು ಸಲ ಕುಲುಕಿ ಬಿಡಿ. ಆಮೇಲೆ ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಟ್ಟುಕೊಳ್ಳಿ. ನೆಲದಿಂದ ಅಳೆದರೆ ಟಯರಿನ ಸವೆತವೂ ಅದರಲ್ಲಿ ಸೇರಿಬಿಡುತ್ತದೆ.

ಗಾಡಿ ಒಂದು ಬದಿಗೆ ವಾಲಿದ್ದರೆ ತಪ್ಪು ಹಿಂದಿನ ಪ್ಲೇಟಿನದ್ದೇ ಅಂತ ತೀರ್ಮಾನಿಸಬೇಡಿ. ಮುಂದಿನ ಒಂದು ಟಾರ್ಶನ್ ಬಾರ್ ಸೋತಿದ್ದರೂ ಹಿಂದೆ ಓರೆ ಕಾಣಬಹುದು. ಇದನ್ನು ಕಂಡುಹಿಡಿಯಲು ಸುಲಭ ಉಪಾಯ ಉಂಟು. ಮುಂದಿನ ಕ್ರಾಸ್ ಮೆಂಬರಿನ ಸರೀ ನಡುವಿಗೆ ಜಾಕ್ ಕೊಟ್ಟು ಮುಂದಿನ ಎರಡೂ ಚಕ್ರ ನೆಲ ಬಿಡುವಂತೆ ಎತ್ತಿ. ಈಗ ಗಾಡಿ ಒಂದೇ ಬಿಂದುವಿನ ಮೇಲೆ ನಿಂತಿರುವುದರಿಂದ ಮುಂದಿನ ಸ್ಪ್ರಿಂಗ್‌ಗಳ ಪ್ರಭಾವ ಇಲ್ಲ. ಹಿಂದೆ ಈಗಲೂ ವಾಲಿದ್ದರೆ ಹಿಂದಿನ ಪ್ಲೇಟ್ ನೋಡಿ. ನೆಟ್ಟಗಾದರೆ ದೋಷ ಮುಂದೆ. ಐದು ನಿಮಿಷದ ಕೆಲಸ. ಇದನ್ನು ಮಾಡದೆ ಸಾವಿರಾರು ರೂಪಾಯಿ ಹಿಂದೆ ಸುರಿಯುವವರೇ ಹೆಚ್ಚು.

ಆಮೇಲೆ ಕೆಳಗೆ ಇಣುಕಿ. ಪ್ಲೇಟ್‌ಗಳ ನಡುವೆ ತುಕ್ಕು ಉಬ್ಬಿ ಒಂದನ್ನೊಂದು ದೂರ ತಳ್ಳಿದೆಯೇ? ಶ್ಯಾಕಲ್‌ನ ರಬ್ಬರ್ ಬುಷ್ ಹರಿದಿದೆಯೇ? ಸೆಂಟರ್ ಬೋಲ್ಟ್ ಇರುವ ಕಡೆ, ಯೂ ಬೋಲ್ಟಿನ ಅಂಚಿನಲ್ಲಿ, ಕಿವಿಯ ಬುಡದಲ್ಲಿ ಕೂದಲೆಳೆಯಂಥ ಗೆರೆ ಕಾಣುತ್ತದೆಯೇ? ಚಿಕ್ಕ ಪ್ಲೇಟಿನ ತುದಿ ಮೇಲಿನ ಪ್ಲೇಟನ್ನು ಕೊರೆದು ತಗ್ಗು ಮಾಡಿರುವುದೂ ಉಂಟು. ಬಿರುಕು ಶುರುವಾಗುವುದು ಅಂಥ ತಗ್ಗಿನಿಂದಲೇ.

ಕೂತ ಪ್ಲೇಟ್ ಮೆತ್ತಗಾಗಿರುವುದಿಲ್ಲ

ಇದು ಕೇಳಲು ವಿಚಿತ್ರ, ಆದರೆ ನಿಜ. ಹಳೆಯ ಪ್ಲೇಟ್ "ಟೆನ್ಶನ್ ಕಳೆದುಕೊಂಡಿದೆ" ಅಂತ ಹೇಳುವುದು ರೂಢಿ. ಉಕ್ಕಿನ ಸ್ಥಿತಿಸ್ಥಾಪಕತೆ ವರ್ಷ ಕಳೆದಂತೆ ಕಡಿಮೆಯಾಗುವುದಿಲ್ಲ. ಬದಲಾಗಿರುವುದು ಆಕಾರ. ಮಿತಿಮೀರಿ ಭಾರ ಹೇರಿದಾಗ, ಗುಂಡಿಗಳಲ್ಲಿ ಮತ್ತೆ ಮತ್ತೆ ಬಿದ್ದಾಗ, ಉಕ್ಕು ಚೂರು ಚೂರೇ ಶಾಶ್ವತವಾಗಿ ಬಾಗಿ ಕಮಾನು ಚಪ್ಪಟೆಯಾಗಿದೆ. 50 ಕೆ.ಜಿ. ಹೇರಿದರೆ ಮೊದಲು ಎಷ್ಟು ಇಳಿಯುತ್ತಿತ್ತೋ ಈಗಲೂ ಅಷ್ಟೇ ಇಳಿಯುತ್ತದೆ, ಆದರೆ ಇಳಿಯಲು ಶುರು ಮಾಡುವುದೇ ಕೆಳಗಿನಿಂದ.

ಒಂದು ಅಪವಾದ ತುಕ್ಕು. ಪ್ಲೇಟಿನ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಇರುತ್ತದೆ. 6 ಮಿ.ಮೀ. ಪ್ಲೇಟ್ ತುಕ್ಕು ತಿಂದು 5.4 ಮಿ.ಮೀ. ಆದರೆ ದಪ್ಪ ಕಡಿಮೆಯಾದದ್ದು 10 ಶೇಕಡಾ, ಬಿಗಿ ಕಡಿಮೆಯಾಗುವುದು ಸುಮಾರು 27 ಶೇಕಡಾ. ಉಪ್ಪುಗಾಳಿಯ ಕರಾವಳಿಯಲ್ಲಿ, ನಾಲ್ಕು ತಿಂಗಳ ಮಳೆಯಲ್ಲಿ, ಕೆಂಪು ಕೆಸರು ಮೆತ್ತಿಕೊಂಡು ನಿಂತ ಗಾಡಿಗೆ ಭಾರಕ್ಕಿಂತ ತುಕ್ಕೇ ದೊಡ್ಡ ಶತ್ರು.

"ಒಂದು ಪ್ಲೇಟ್ ಎಕ್ಸ್‌ಟ್ರಾ ಹಾಕಿ" ಎಂಬ ಸಲಹೆ ಯಾಕೆ ಅರ್ಧ ಸರಿ, ಅರ್ಧ ತಪ್ಪು ಎಂಬುದು ಇಲ್ಲಿ ಅರ್ಥವಾಗುತ್ತದೆ. ಹೆಚ್ಚುವರಿ ಪ್ಲೇಟ್ ಗಾಡಿಯನ್ನು ಎತ್ತುತ್ತದೆ, ಜೊತೆಗೆ ಸ್ಪ್ರಿಂಗನ್ನು ಮೊದಲಿಗಿಂತ ಗಡುಸು ಮಾಡುತ್ತದೆ. ಕಲ್ಲು ಸಾಗಿಸುವ ಜೀಪಿಗೆ ಅದು ಸರಿ. ಹಬ್ಬಕ್ಕೋ ಮದುವೆಗೋ ತೆಗೆಯುವ, ಹಿಂದೆ ಅಜ್ಜಿ ಕೂರುವ ಅಂಬಾಸಿಡರಿಗೆ ಅಲ್ಲ. ಆ ಕಾರಿನ ಹೆಸರೇ ಹಿಂದಿನ ಸೀಟಿನ ಸುಖದಿಂದ ಬಂದದ್ದು.

ಬಡಿಸುವುದು, ಕಾಯಿಸುವುದು

ಬೆಂಡ್ ಹಾಕಿಸುವುದರಲ್ಲಿ ಎರಡು ಬಗೆ. ಒಂದು ತಣ್ಣಗೆ ಬಡಿಯುವುದು ಅಥವಾ ಪ್ರೆಸ್ಸಿನಲ್ಲಿ ಬಾಗಿಸುವುದು. ಲಾರಿ ಪ್ಲೇಟ್ ಕೆಲಸದವರು ಹೆಚ್ಚಾಗಿ ಮಾಡುವುದು ಇದನ್ನೇ. ಖರ್ಚು ಕಡಿಮೆ, ಒಂದೇ ದಿನದ ಕೆಲಸ. ಆದರೆ ಇದರಲ್ಲೊಂದು ಒಳಗಿನ ತೊಂದರೆ ಉಂಟು. ಕಾರ್ಖಾನೆಯಲ್ಲಿ ಪ್ಲೇಟನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಕಮಾನು ಮಾಡಿ, ಆಮೇಲೆ ಭಾರದ ದಿಕ್ಕಿನಲ್ಲೇ ಜೋರಾಗಿ ಒಮ್ಮೆ ಒತ್ತಿ ಕೂರಿಸುತ್ತಾರೆ. ಇದರಿಂದ ಉಕ್ಕಿನ ಒಳಗೆ ಭಾರಕ್ಕೆ ಎದುರಾಗಿ ನಿಲ್ಲುವ ಒತ್ತಡ ಉಳಿಯುತ್ತದೆ. ತಣ್ಣಗೆ ಬಡಿದು ಮತ್ತೆ ಕಮಾನು ಮಾಡುವುದೆಂದರೆ ಇದರ ತದ್ವಿರುದ್ಧ: ಭಾರದ ವಿರುದ್ಧ ದಿಕ್ಕಿಗೆ ಬಾಗಿಸುವುದು. ಹಾಗಾಗಿ ಎತ್ತರ ಸಿಗುತ್ತದೆ, ಬಾಳಿಕೆ ಸಿಗುವುದಿಲ್ಲ. ಸುತ್ತಿಗೆಯ ಆಳವಾದ ಗುರುತು ಬಿದ್ದರೆ ಅದು ಮುಂದೆ ಬಿರುಕಿನ ಬಾಗಿಲು. ಒಳ್ಳೆಯ ಕೆಲಸಗಾರ ನಡುವಿನಿಂದ ತುದಿಯತ್ತ ಸಣ್ಣ ಸಣ್ಣ ಪೆಟ್ಟು ಕೊಡುತ್ತಾ ಹೋಗುತ್ತಾನೆ. ಒಂದೇ ಕಡೆ ಬಡಿದು ಮೂಲೆ ಮಾಡುವುದಿಲ್ಲ.

ಇನ್ನೊಂದು ಬಗೆ ಕಾಯಿಸಿ ಮಾಡುವುದು. ಸ್ಪ್ರಿಂಗ್ ಉಕ್ಕು ಸಾಮಾನ್ಯವಾಗಿ ಸಿಲಿಕಾನ್ ಮ್ಯಾಂಗನೀಸ್ ಬೆರೆತದ್ದು, ಮಾರ್ಕೆಟಿನಲ್ಲಿ ಇಎನ್ 45 ಅಂತ ಕರೆಯುತ್ತಾರೆ. ಇದನ್ನು ಕುಲುಮೆಯಲ್ಲಿ 850ರಿಂದ 900 ಡಿಗ್ರಿ ಸೆಲ್ಸಿಯಸ್ ತನಕ ಪೂರ್ತಿ ಕಾಯಿಸಿ, ಆಕಾರ ಕೊಟ್ಟು, ಎಣ್ಣೆಯಲ್ಲಿ ಅದ್ದಿ, ಮತ್ತೆ ಸುಮಾರು 450ರಿಂದ 500 ಡಿಗ್ರಿಯಲ್ಲಿ ಹದ ಮಾಡಬೇಕು. ಕೊನೆಯ ಹಂತ ಬಿಟ್ಟರೆ ಪ್ಲೇಟ್ ಗಾಜಿನಂತೆ ಒಡೆಯುತ್ತದೆ. ಕುಲುಮೆ, ಎಣ್ಣೆ, ಉಷ್ಣತೆ ಅಳೆಯುವ ಸಾಧನ ಮೂರೂ ಇರುವಲ್ಲಿ ಮಾತ್ರ ಇದು ಉತ್ತಮ. ಗ್ಯಾಸ್ ಕಟ್ಟರಿನ ಬೆಂಕಿ ತೋರಿಸಿ ಬಾಗಿಸುತ್ತೇನೆ ಎನ್ನುವವರಿಂದ ಗಾಡಿಯನ್ನು ಸುಮ್ಮನೆ ವಾಪಸ್ ತನ್ನಿ. ಬೆಂಕಿ ತಾಗಿದ ಜಾಗ ಹದ ಕಳೆದುಕೊಂಡಿರುತ್ತದೆ. ತುಂಡಾದ ಪ್ಲೇಟಿಗೆ ವೆಲ್ಡಿಂಗ್ ಮಾಡುವುದಂತೂ ಬೇಡವೇ ಬೇಡ.

ಯಾವ ಬಗೆಯಾದರೂ ಒಂದು ಸೂಕ್ಷ್ಮ ಗಮನಿಸಬೇಕು. ಬಿಚ್ಚಿಟ್ಟ ಪ್ಲೇಟ್‌ಗಳನ್ನು ಒಂದರ ಮೇಲೊಂದು ಸುಮ್ಮನೆ ಇಟ್ಟರೆ ನಡುವೆ ಸ್ವಲ್ಪ ಸಂದು ಕಾಣಬೇಕು. ಚಿಕ್ಕ ಪ್ಲೇಟಿಗೆ ದೊಡ್ಡದಕ್ಕಿಂತ ಚೂರು ಹೆಚ್ಚು ಬಾಗು ಇರುತ್ತದೆ, ಸೆಂಟರ್ ಬೋಲ್ಟ್ ಬಿಗಿದಾಗ ಆ ಸಂದು ಮುಚ್ಚಿಕೊಳ್ಳುತ್ತದೆ. ಇದರಿಂದ ಮೇನ್ ಪ್ಲೇಟಿನ ಭಾರ ಹಗುರವಾಗುತ್ತದೆ, ತುದಿಗಳೂ ಅಂಟಿ ನಿಲ್ಲುತ್ತವೆ. ಎಲ್ಲವನ್ನೂ ಒಂದೇ ಅಚ್ಚಿಗೆ ಬಡಿದರೆ ನೋಡಲು ಚಂದ, ಆದರೆ ಮೇನ್ ಪ್ಲೇಟ್ ಬೇಗ ಮುರಿಯುತ್ತದೆ. ಈ ಸಂದಿನ ಬಗ್ಗೆ ಕೇಳಿದಾಗ ಕೆಲಸಗಾರ ಏನು ಉತ್ತರ ಕೊಡುತ್ತಾನೆ ಎಂಬುದರಲ್ಲೇ ಅವನ ಕೈಗುಣ ಗೊತ್ತಾಗುತ್ತದೆ.

ಹಾಗಾದರೆ ಹೊಸತು ಯಾವಾಗ? ಬಿರುಕು, ಆಳವಾದ ತುಕ್ಕು, ಕೊರೆದ ತಗ್ಗು ಇದ್ದರೆ ಹೊಸತೇ ಗತಿ. ಈ ಹಿಂದೆ ಒಮ್ಮೆ ಬಡಿಸಿದ್ದು ಮತ್ತೆ ಕೂತಿದ್ದರೂ ಅಷ್ಟೇ. ರೆಡಿಮೇಡ್ ಸೆಟ್ ಸಿಗದಿದ್ದರೆ ಹಳೆಯದನ್ನು ಮಾದರಿಯಾಗಿ ಕೊಟ್ಟು ಮಾಡಿಸಬಹುದು. ಪ್ಲೇಟ್‌ಗಳ ಸಂಖ್ಯೆ, ಅಗಲ, ಪ್ರತಿಯೊಂದರ ದಪ್ಪ, ಕಿವಿಯ ಒಳವ್ಯಾಸ, ಸೆಂಟರ್ ಬೋಲ್ಟಿನಿಂದ ಮುಂದಿನ ಕಿವಿಗೂ ಹಿಂದಿನ ಕಿವಿಗೂ ಇರುವ ದೂರ, ಇಷ್ಟು ಬರೆದುಕೊಡಿ. ಎರಡೂ ಕಡೆಯ ದೂರ ಒಂದೇ ಇರಬೇಕೆಂದಿಲ್ಲ, ತಿರುಗಿಸಿ ಹಾಕಿದರೆ ಚಕ್ರ ಮಡ್‌ಗಾರ್ಡಿನ ನಡುವಿನಿಂದ ಸರಿಯುತ್ತದೆ. ಕಮಾನಿನ ಎತ್ತರವನ್ನು ಮಾತ್ರ ಕೂತ ಪ್ಲೇಟಿನಿಂದ ನಕಲು ಮಾಡಿಸಬೇಡಿ! ಒಂದು ಬದಿ ಮಾತ್ರ ಬದಲಿಸುವುದೂ ಬೇಡ, ಯಾವತ್ತೂ ಜೋಡಿಯಾಗಿಯೇ. ಗುಜರಿಯಿಂದ ತಂದ ಸೆಟ್ ಅಂದರೆ ಇನ್ನೊಬ್ಬರ ಮನೆಯ ಅದೇ ಕಾಯಿಲೆ.

ಬಿಚ್ಚುವಾಗ, ಕಟ್ಟುವಾಗ

ಬಾಡಿಯ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಆಕ್ಸಲಿಗೆ ಬೇರೆ ಜಾಕ್ ಕೊಡಬೇಕು. ಬರೀ ಜಾಕಿನ ನಂಬಿಕೆಯಲ್ಲಿ ಕೆಳಗೆ ಹೋಗುವುದು ಸಾವಿನ ಆಟ. ಆಕ್ಸಲ್ ಇಳಿಸುವಾಗ ಬ್ರೇಕ್ ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್ ಎಳೆದುಕೊಳ್ಳದಂತೆ ನೋಡಿ. ಪ್ಲೇಟ್ ಸೆಟ್ಟಿನ ಸೆಂಟರ್ ಬೋಲ್ಟ್ ಬಿಚ್ಚುವ ಮೊದಲು ಎರಡು ಸಿ ಕ್ಲ್ಯಾಂಪ್ ಹಾಕಿ ಹಿಡಿಯಲೇಬೇಕು. ಮೊದಲು ಹೇಳಿದ ಸಂದು ಮುಚ್ಚಿಕೊಂಡಿರುವುದರಿಂದ ಬೋಲ್ಟ್ ಬಿಟ್ಟ ಕ್ಷಣ ಪ್ಲೇಟ್‌ಗಳು ಹಾರುತ್ತವೆ.

ಯೂ ಬೋಲ್ಟ್, ನಟ್, ಸೆಂಟರ್ ಬೋಲ್ಟ್ ಎಲ್ಲ ಹೊಸತು ಹಾಕಿ. ಹಳೇ ಯೂ ಬೋಲ್ಟ್ ಒಮ್ಮೆ ಎಳೆದುಕೊಂಡಿರುತ್ತದೆ, ಮತ್ತೆ ಬಿಗಿ ಹಿಡಿಯುವುದಿಲ್ಲ. ಪ್ಲೇಟ್‌ಗಳ ತುಕ್ಕು ಕೆರೆದು, ತೆಳ್ಳಗೆ ಪ್ರೈಮರ್ ಹಾಕಿ, ನಡುವೆ ಗ್ರಾಫೈಟ್ ಗ್ರೀಸ್ ಸವರಬಹುದು. ಮಳೆಗಾಲಕ್ಕೆ ಮೊದಲು ಅಡಿಗೆಲ್ಲ ಹಳೇ ಎಂಜಿನ್ ಆಯಿಲ್ ಬಳಿಯುವ ಅಭ್ಯಾಸ ನಮ್ಮ ಕಡೆ ಉಂಟು. ಅದು ರಬ್ಬರ್ ಬುಷ್ಷನ್ನು ಉಬ್ಬಿಸಿ ಹಾಳು ಮಾಡುತ್ತದೆ.

ತುಂಬ ಗ್ಯಾರೇಜುಗಳಲ್ಲಿ ತಪ್ಪುವ ಹಂತ ಇನ್ನೊಂದು. ಕಿವಿ ಮತ್ತು ಶ್ಯಾಕಲ್ ಬೋಲ್ಟ್‌ಗಳನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಪೂರ್ತಿ ಬಿಗಿದರೆ, ಗಾಡಿ ಇಳಿಸಿದಾಗ ರಬ್ಬರ್ ತಿರುಚಿಕೊಂಡೇ ಉಳಿಯುತ್ತದೆ. ಬುಷ್ ಬೇಗ ಹರಿಯುತ್ತದೆ, ಎತ್ತರವೂ ಸುಳ್ಳು ತೋರಿಸುತ್ತದೆ. ಗಾಡಿಯ ಭಾರ ಪೂರ್ತಿ ಚಕ್ರದ ಮೇಲೆ ಬಂದ ಮೇಲೆಯೇ ಕೊನೆಯ ಬಿಗಿ.

ಫಿಟ್‌ನೆಸ್ ವಿಷಯಕ್ಕೆ ಬಂದರೆ, ಖಾಸಗಿ ಕಾರಿಗೆ 15 ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ, ಅದಕ್ಕೆ ಮುಂಚೆ ತಪಾಸಣೆ. ಕೆಎಲ್ 14 ಇರಲಿ, ಕೆಎ 19 ಇರಲಿ, ನಿಯಮ ಕೇಂದ್ರದ್ದೇ. 50 ವರ್ಷ ದಾಟಿದ ಗಾಡಿಯನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬಹುದು. ಅದಕ್ಕೆ ಷಾಸಿ, ಬಾಡಿ ಶೆಲ್, ಎಂಜಿನ್ ಮೂಲರೂಪದಿಂದ ಹೆಚ್ಚು ಬದಲಾಗಿರಬಾರದು. ಅದೇ ಮಾದರಿಯ ಪ್ಲೇಟ್ ಹಾಕುವುದು ಆ ಮೂರರಲ್ಲಿ ಯಾವುದನ್ನೂ ಮುಟ್ಟುವುದಿಲ್ಲ.

ಮತ್ತೆ ರಜೆ ಮುಗಿಸಿ ಹೋಗುವಾಗ ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸುವವರು ಅದನ್ನು ಆಕ್ಸಲಿನ ಕೆಳಗೆ ಕೊಡಬೇಡಿ. ಹಾಗೆ ಕೊಟ್ಟರೆ ಟಯರಿಗೆ ವಿಶ್ರಾಂತಿ, ಪ್ಲೇಟಿಗೆ ಅದೇ ಭಾರ. ಬಾಡಿಯ ಗಟ್ಟಿ ಜಾಗಕ್ಕೆ ಕೊಡಿ. ಹೊಸ ಪ್ಲೇಟ್ ಹಾಕಿದ್ದರೆ ಹೊರಡುವ ಮೊದಲು ನೂರು ಕಿಲೋಮೀಟರಾದರೂ ಓಡಿಸಿ, ಯೂ ಬೋಲ್ಟನ್ನು ಎದುರುಬದುರಾಗಿ ಮತ್ತೊಮ್ಮೆ ಬಿಗಿಸಿ. ಹೆಡ್‌ಲೈಟನ್ನೂ ಒಮ್ಮೆ ಗೋಡೆಗೆ ಹಿಡಿದು ನೋಡಿ. ಬಾಲ ಕೂತಿದ್ದಾಗ ಅಡ್ಜಸ್ಟ್ ಮಾಡಿದ ಲೈಟ್ ಈಗ ನೆಲ ನೋಡುತ್ತಿರುತ್ತದೆ.