ಬೆಲ್ ಪ್ರಯೋಗಶಾಲೆಯ ನೌಕರ ವಿಜ್ಞಾನಿಗಳು

ವಿಜ್ಞಾನಿ ಎಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಏಕಾಂತದಲ್ಲಿ ಕುಳಿತು ಚಿಂತಿಸುವ ವ್ಯಕ್ತಿಯ ಚಿತ್ರ. ತೋಟದ ಮರದ ಕೆಳಗಿನ ನ್ಯೂಟನ್, ಪ್ಯಾರಿಸಿನ ಹಳೆಯ ಕೊಟ್ಟಿಗೆಯಲ್ಲಿ ಅದಿರನ್ನು ಕುದಿಸುತ್ತಿದ್ದ ಕ್ಯೂರಿ ದಂಪತಿಗಳು, ಇಂಥವರೇ ಪಠ್ಯಪುಸ್ತಕಗಳ ಮೂಲಕ ನಮ್ಮ ಮನಸ್ಸಿನಲ್ಲಿ ನೆಲೆನಿಂತಿದ್ದಾರೆ. ಆದರೆ ಇಪ್ಪತ್ತನೆಯ ಶತಮಾನದ ಎಷ್ಟೋ ಶೋಧಗಳು ನಡೆದುದು ಬೇರೊಂದು ಬಗೆಯ ಸ್ಥಳದಲ್ಲಿ. ಅಲ್ಲಿ ವಿಜ್ಞಾನಿಯು ತಿಂಗಳ ಸಂಬಳದ ನೌಕರ. ಅವನ ಮೇಲೊಬ್ಬ ಮುಖ್ಯಸ್ಥ, ಆ ಮುಖ್ಯಸ್ಥನ ಮೇಲೆ ಮತ್ತೊಬ್ಬ. ಅವನು ಕಂಡುಹಿಡಿದುದರ ಒಡೆತನ ಕಂಪನಿಯದು. ಸ್ವತಂತ್ರ ಬುದ್ಧಿಯು ಇಂಥ ನೌಕರಿಯ ಕಟ್ಟಿನೊಳಗೆ ಬೆಳೆಯಬಲ್ಲುದೆ? ನಾಳೆ ಬೆಂಗಳೂರಿನಲ್ಲಿಯೋ ಹೊರನಾಡಿನಲ್ಲಿಯೋ ದೊಡ್ಡ ಕಂಪನಿಗಳನ್ನು ಸೇರಲಿರುವ ನಮ್ಮ ವಿದ್ಯಾರ್ಥಿಗಳಿಗೆ ಈ ಪ್ರಶ್ನೆಯು ಮುಖ್ಯವಾದುದು. ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಶಾಲೆಯಲ್ಲಿ ದುಡಿದವರ ಅನುಭವದಿಂದ ಇದಕ್ಕೆ ಉತ್ತರವನ್ನು ಹುಡುಕೋಣ.

ಒಂದು ಡಾಲರಿನ ಒಪ್ಪಂದ

1925ರಲ್ಲಿ ಸ್ಥಾಪಿತವಾದ ಈ ಪ್ರಯೋಗಶಾಲೆಯು ಎ.ಟಿ. ಅಂಡ್ ಟಿ. ಕಂಪನಿಗೆ ಸೇರಿದುದು. ಅಮೆರಿಕದ ಬಹುಭಾಗದ ಟೆಲಿಫೋನ್ ವ್ಯವಸ್ಥೆಯು ಆಗ ಈ ಕಂಪನಿಯ ಕೈಯಲ್ಲಿದ್ದಿತು. ಕೆಲಸಕ್ಕೆ ಸೇರುವಾಗ ವಿಜ್ಞಾನಿಗಳು ಒಂದು ಪತ್ರಕ್ಕೆ ಸಹಿ ಹಾಕಬೇಕಾಗಿತ್ತು: ಮುಂದೆ ತಾವು ಪಡೆಯಬಹುದಾದ ಪೇಟೆಂಟುಗಳೆಲ್ಲವೂ ಕಂಪನಿಗೆ ಸಲ್ಲತಕ್ಕವು. ಇದಕ್ಕೆ ಪ್ರತಿಫಲ ಒಂದೇ ಒಂದು ಡಾಲರು.

ಒಂದು ಡಾಲರಿಗೆ ಬುದ್ಧಿಯನ್ನೇ ಮಾರಿಕೊಂಡಂತಾಯಿತಲ್ಲ ಎಂದು ವಾಚಕರು ಆಕ್ಷೇಪಿಸಬಹುದು. ಆದರೆ ಒಪ್ಪಂದಕ್ಕೆ ಇನ್ನೊಂದು ಮಗ್ಗುಲೂ ಉಂಟು. ವಿಜ್ಞಾನಿಗೆ ನಿಶ್ಚಿತವಾದ ಸಂಬಳ, ಉತ್ತಮ ಉಪಕರಣಗಳು, ನುರಿತ ಸಹಾಯಕರು, ಎಲ್ಲಕ್ಕಿಂತ ಮಿಗಿಲಾಗಿ ಸಮಯ ದೊರೆಯುತ್ತಿದ್ದಿತು. ಟೆಲಿಫೋನ್ ಬಾಡಿಗೆಯ ಹಣವು ತಪ್ಪದೆ ಬರುತ್ತಿದ್ದುದರಿಂದ ಕಂಪನಿಯು ಫಲಕ್ಕಾಗಿ ಹತ್ತಾರು ವರ್ಷ ಕಾಯಬಲ್ಲುದಾಗಿತ್ತು.

1941ರಲ್ಲಿ ನ್ಯೂಜೆರ್ಸಿಯ ಮರ್ರೆ ಹಿಲ್ ಎಂಬಲ್ಲಿ ಹೊಸ ಕಟ್ಟಡವು ಸಿದ್ಧವಾಯಿತು. ಅದರ ಕಾರಿಡಾರು ನೂರಾರು ಅಡಿ ಉದ್ದ. ಭೌತವಿಜ್ಞಾನಿ, ರಸಾಯನವಿಜ್ಞಾನಿ, ಲೋಹಶಾಸ್ತ್ರಜ್ಞ, ಗಣಿತಜ್ಞ ಇವರೆಲ್ಲರೂ ಒಂದೇ ಸೂರಿನ ಕೆಳಗೆ ಇದ್ದರು. ಊಟಕ್ಕೆ ಹೊರಟವನು ದಾರಿಯಲ್ಲಿ ನಾಲ್ವರನ್ನಾದರೂ ಕಂಡು, ಅವರ ತೊಡಕನ್ನು ಕೇಳಿ, ತನ್ನ ತೊಡಕನ್ನು ಹೇಳದೆ ಮುಂದೆ ಹೋಗುವಂತಿರಲಿಲ್ಲ.

ಒಂದೇ ಕೊಠಡಿಯ ಇಬ್ಬರು

ದೂರದೂರಿಗೆ ಹೋಗುವ ಮಾತಿನ ವಿದ್ಯುತ್ ಸಂಕೇತವು ತಂತಿಯಲ್ಲಿ ಸಾಗುತ್ತ ಕ್ಷೀಣಿಸುತ್ತದೆ. ಅದನ್ನು ಅಲ್ಲಲ್ಲಿ ವರ್ಧಿಸಬೇಕು. ಈ ಕೆಲಸವನ್ನು ಆಗ ನಿರ್ವಾತ ನಳಿಕೆಗಳು ಮಾಡುತ್ತಿದ್ದವು. ಅವು ಬಿಸಿಯಾಗುತ್ತಿದ್ದವು, ವಿದ್ಯುತ್ತನ್ನು ಹೆಚ್ಚಾಗಿ ನುಂಗುತ್ತಿದ್ದವು, ಸುಟ್ಟು ಹೋಗುತ್ತಿದ್ದವು. ಇವುಗಳ ಬದಲಿಗೆ ಘನವಸ್ತುವಿನಿಂದಲೇ ವರ್ಧಕವನ್ನು ಮಾಡಬೇಕೆಂದು 1945ರಲ್ಲಿ ವಿಲಿಯಂ ಶಾಕ್ಲಿಯ ನೇತೃತ್ವದಲ್ಲಿ ಒಂದು ತಂಡವು ಏರ್ಪಟ್ಟಿತು. ಆ ವರ್ಷ ಹೊಸದಾಗಿ ಬಂದ ಜಾನ್ ಬಾರ್ಡೀನನಿಗೆ ಕೊಡಲು ಬೇರೆ ಕೊಠಡಿಯಿರಲಿಲ್ಲ. ವಾಲ್ಟರ್ ಬ್ರಾಟೇನನು ಇದ್ದ ಕೊಠಡಿಯಲ್ಲಿಯೇ ಅವನಿಗೂ ಒಂದು ಮೇಜು ದೊರೆಯಿತು.

ಬಾರ್ಡೀನನು ಮಿತಭಾಷಿಯಾದ ಸಿದ್ಧಾಂತಿ. ಬ್ರಾಟೇನನು ಮಾತುಗಾರನಾದ ಪ್ರಯೋಗನಿಪುಣ. ಒಬ್ಬನು ಊಹಿಸಿದುದನ್ನು ಮತ್ತೊಬ್ಬನು ಪರೀಕ್ಷಿಸುತ್ತಿದ್ದನು. 1947ರ ಡಿಸೆಂಬರ್ 16ರಂದು ತ್ರಿಕೋನಾಕಾರದ ಪ್ಲಾಸ್ಟಿಕ್ ತುಂಡಿನ ಅಂಚಿಗೆ ಚಿನ್ನದ ತಗಡನ್ನು ಅಂಟಿಸಿ, ತುದಿಯಲ್ಲಿ ಅದನ್ನು ಸೀಳಿ, ಜರ್ಮೇನಿಯಂ ಹರಳಿನ ಮೇಲೆ ಸ್ಪ್ರಿಂಗಿನಿಂದ ಒತ್ತಿ ಹಿಡಿದರು. ಎರಡು ಚಿನ್ನದ ಸ್ಪರ್ಶಬಿಂದುಗಳ ನಡುವಣ ಅಂತರ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಕಡಮೆ. ಒಂದು ಬಿಂದುವಿನಲ್ಲಿ ಕೊಟ್ಟ ಸಣ್ಣ ಸಂಕೇತವು ಇನ್ನೊಂದರಲ್ಲಿ ದೊಡ್ಡದಾಗಿ ತೋರಿಬಂದಿತು. ಟ್ರಾನ್ಸಿಸ್ಟರು ಹುಟ್ಟಿತು.

ಮುಂದಿನ ಕಥೆ ಅಷ್ಟು ಸಿಹಿಯಾದುದಲ್ಲ. ಈ ಸಾಧನದ ಪೇಟೆಂಟಿನಲ್ಲಿ ಬಾರ್ಡೀನ್ ಮತ್ತು ಬ್ರಾಟೇನ್ ಇವರಿಬ್ಬರ ಹೆಸರುಗಳು ಮಾತ್ರ ಇದ್ದವು. ಇದು ಶಾಕ್ಲಿಯನ್ನು ಕಾಡಿತು. ಅವನು ಒಬ್ಬನೇ ಕುಳಿತು 1948ರ ಜನವರಿಯಲ್ಲಿ ಸಂಧಿ ಟ್ರಾನ್ಸಿಸ್ಟರಿನ ಕಲ್ಪನೆಯನ್ನು ರೂಪಿಸಿದನು. ಅದು ಮೊದಲಿನದಕ್ಕಿಂತ ಉತ್ತಮವಾದ ಸಾಧನವೇ ಸರಿ. ಆದರೆ ಅನಂತರ ತಂಡದ ಕೆಲಸವೆಲ್ಲವೂ ಶಾಕ್ಲಿಯ ವಿಚಾರಗಳ ಸುತ್ತಲೇ ತಿರುಗತೊಡಗಿತು. ಪ್ರಚಾರಕ್ಕಾಗಿ ತೆಗೆದ ಪ್ರಸಿದ್ಧ ಛಾಯಾಚಿತ್ರದಲ್ಲಿ ಬ್ರಾಟೇನನ ಉಪಕರಣದ ಮುಂದೆ ಕುಳಿತಿರುವವನು ಶಾಕ್ಲಿ. ಉಳಿದಿಬ್ಬರು ಹಿಂದೆ ನಿಂತಿದ್ದಾರೆ. ಈ ಚಿತ್ರವನ್ನು ಕಂಡರೆ ಬ್ರಾಟೇನನಿಗೆ ಆಗುತ್ತಿರಲಿಲ್ಲ. ತನಗೆ ಬೇಕಾದ ಸಂಶೋಧನೆಗೆ ಇಲ್ಲಿ ಎಡೆಯಿಲ್ಲವೆಂದು ಮೇಲಿನವರಿಗೆ ತಿಳಿಸಿ ಬಾರ್ಡೀನನು 1951ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೊರಟುಹೋದನು. 1956ರಲ್ಲಿ ಮೂವರಿಗೂ ನೊಬೆಲ್ ಪಾರಿತೋಷಕ ಬಂದಿತು. ಅತಿವಾಹಕತೆಯ ಸಿದ್ಧಾಂತಕ್ಕಾಗಿ 1972ರಲ್ಲಿ ಬಾರ್ಡೀನನಿಗೆ ಬಂದ ಎರಡನೆಯ ನೊಬೆಲಿನ ಕೀರ್ತಿಯು ಮಾತ್ರ ಬೆಲ್ ಪ್ರಯೋಗಶಾಲೆಗೆ ಸಲ್ಲಲಿಲ್ಲ.

ರಾತ್ರಿಯ ದುಡಿಮೆ, ರಜೆಯ ಬೇಸರ

ಅದೇ ಕಟ್ಟಡದಲ್ಲಿ ಗಾರ್ಡನ್ ಟೀಲ್ ಎಂಬ ರಸಾಯನವಿಜ್ಞಾನಿಯಿದ್ದನು. ಒಳಗೆ ಒಡಕಿಲ್ಲದ ಏಕಸ್ಫಟಿಕವನ್ನು ಬಳಸಿದಲ್ಲದೆ ಟ್ರಾನ್ಸಿಸ್ಟರು ನಂಬಿಕೆಗೆ ಅರ್ಹವಾಗದು ಎಂಬುದು ಅವನ ದೃಢಮತ. ಮೇಲಿನವರು ಒಪ್ಪಲಿಲ್ಲ. ಟೀಲ್ ಮತ್ತು ಅವನ ಮಿತ್ರ ಜಾನ್ ಲಿಟ್ಲ್ ಇಬ್ಬರೂ ಕರಗಿದ ಜರ್ಮೇನಿಯಂನಿಂದ ಹರಳನ್ನು ಮೆಲ್ಲನೆ ಮೇಲಕ್ಕೆಳೆಯುವ ಯಂತ್ರವನ್ನು ಚಕ್ರಗಳ ಮೇಲೆ ಕಟ್ಟಿಕೊಂಡರು. ರಾತ್ರಿಯ ಹೊತ್ತು ಅದನ್ನು ಹೊರಗೆಳೆದು ಕೆಲಸಮಾಡುವುದು, ಬೆಳಗಾಗುವಷ್ಟರಲ್ಲಿ ಮರೆಗೆ ತಳ್ಳಿಡುವುದು ಅವರ ಪರಿಪಾಠವಾಯಿತು. ಕೊನೆಗೆ ಟೀಲನ ಮಾತೇ ನಿಜವಾಯಿತು. ಇಂದಿನ ಸಿಲಿಕಾನ್ ಉದ್ಯಮವೂ ಏಕಸ್ಫಟಿಕದ ಮೇಲೆಯೇ ನಿಂತಿದೆ.

ಗಣಿತಜ್ಞ ರಿಚರ್ಡ್ ಹ್ಯಾಮಿಂಗನ ಅನುಭವ ಇನ್ನೊಂದು ಬಗೆಯದು. ವಾರದ ಕೊನೆಯಲ್ಲಿ ಗಣಕಯಂತ್ರಕ್ಕೆ ಲೆಕ್ಕವನ್ನು ಒಪ್ಪಿಸಿ ಅವನು ಮನೆಗೆ ಹೋಗುತ್ತಿದ್ದನು. ನೋಡಿಕೊಳ್ಳುವವರಿಲ್ಲದಾಗ ಯಂತ್ರವು ತಪ್ಪನ್ನು ಕಂಡರೆ ಆ ಲೆಕ್ಕವನ್ನು ಕೈಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ಎರಡು ವಾರ ಹೀಗಾದ ಮೇಲೆ ಅವನಿಗೆ ಸಿಟ್ಟು ಬಂದಿತು: ತಪ್ಪಿದೆಯೆಂದು ಅರಿಯಬಲ್ಲ ಯಂತ್ರವು ಅದೆಲ್ಲಿದೆಯೆಂದೂ ಅರಿತು ತಿದ್ದಿಕೊಳ್ಳಬಾರದೇಕೆ? ನಾಲ್ಕು ಅಂಕಿಗಳ ಜೊತೆಗೆ ಮೂರು ಪರೀಕ್ಷಾ ಅಂಕಿಗಳನ್ನು ಸೇರಿಸಿದರೆ ಇದು ಸಾಧ್ಯವೆಂದು ಅವನು ತೋರಿಸಿದನು. ಮೂರು ಪರೀಕ್ಷೆಗಳಿಗೆ ಸರಿ ಅಥವಾ ತಪ್ಪು ಎಂದು ಒಟ್ಟು ಎಂಟು ಬಗೆಯ ಉತ್ತರಗಳು ಬರಬಹುದು. ಅಂಕಿಗಳ ಏಳು ಸ್ಥಾನಗಳಲ್ಲಿ ತಪ್ಪಿರುವುದು ಎಲ್ಲಿ ಎಂದು ಹೇಳಲು ಏಳು. ತಪ್ಪೇ ಇಲ್ಲವೆನ್ನಲು ಒಂದು. 1950ರಲ್ಲಿ ಪ್ರಕಟವಾದ ಈ ವಿಧಾನದಿಂದ ದೋಷವನ್ನು ತಾನೇ ತಿದ್ದಿಕೊಳ್ಳುವ ಸಂಕೇತಗಳ ಶಾಸ್ತ್ರವೊಂದು ಬೆಳೆಯಿತು.

ಕೊಠಡಿಯ ಬಾಗಿಲು ಮುಚ್ಚಿಕೊಂಡು ದುಡಿಯುವವನು ಇಂದು ಹೆಚ್ಚು ಕೆಲಸಮಾಡುತ್ತಾನೆ, ಆದರೆ ಹತ್ತು ವರ್ಷಗಳ ಮೇಲೆ ಯಾವ ಕೆಲಸವು ಮಾಡಲು ಯೋಗ್ಯವೆಂಬುದೇ ಅವನಿಗೆ ತಿಳಿದಿರುವುದಿಲ್ಲ ಎಂದು ಹ್ಯಾಮಿಂಗನು ಮುಂದೆ ತರುಣರಿಗೆ ಹೇಳುತ್ತಿದ್ದುದುಂಟು.

1969ರಲ್ಲಿ ಕಂಪನಿಯು ಒಂದು ದೊಡ್ಡ ಗಣಕ ಯೋಜನೆಯಿಂದ ಹಿಂದೆಗೆಯಿತು. ಅದರಲ್ಲಿ ತೊಡಗಿದ್ದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಹೊಸ ಯಂತ್ರವನ್ನು ಕೇಳಿದರು, ದೊರೆಯಲಿಲ್ಲ. ಥಾಂಪ್ಸನನು ಹೆಚ್ಚಾಗಿ ಯಾರೂ ಬಳಸದಿದ್ದ ಚಿಕ್ಕ ಯಂತ್ರವೊಂದರ ಮೇಲೆ ಯುನಿಕ್ಸ್ ವ್ಯವಸ್ಥೆಯನ್ನು ಬರೆಯತೊಡಗಿದನು. ಬರಹವನ್ನು ಅಚ್ಚುಕಟ್ಟಾಗಿ ಸಿದ್ಧಪಡಿಸುವ ಸಾಧನವನ್ನು ಮಾಡಿಕೊಡುವುದಾಗಿ ಹೇಳಿದ ಮೇಲೆ ಹೊಸ ಯಂತ್ರಕ್ಕೆ ಹಣ ಬಂದಿತು. ಅದನ್ನು ಮೊದಲು ಬಳಸಿದವರು ಕಂಪನಿಯ ಪೇಟೆಂಟು ವಿಭಾಗದವರೇ. ನಮ್ಮ ಅನೇಕರ ಕೈಯಲ್ಲಿರುವ ಮೊಬೈಲು ಫೋನಿನ ಆಂಡ್ರಾಯ್ಡ್ ವ್ಯವಸ್ಥೆಯು ಲಿನಕ್ಸಿನ ಮೇಲೆ ನಿಂತಿದೆ. ಲಿನಕ್ಸಿಗೆ ಮಾದರಿ ಯುನಿಕ್ಸ್.

ಉತ್ತರ

1984ರ ಜನವರಿ 1ರಂದು ಟೆಲಿಫೋನ್ ಏಕಸ್ವಾಮ್ಯವು ಒಡೆಯಿತು; ಹತ್ತಾರು ವರ್ಷ ಕಾಯುವ ಶಕ್ತಿಯೂ ಕ್ರಮೇಣ ಕುಂದಿತು. ಹಲವು ಕೈಗಳನ್ನು ದಾಟಿ ಪ್ರಯೋಗಶಾಲೆಯು 2016ರಲ್ಲಿ ನೋಕಿಯಾ ಕಂಪನಿಗೆ ಸೇರಿತು.

ಮೊದಲಿನ ಪ್ರಶ್ನೆಗೆ ಈಗ ಹಿಂದಿರುಗೋಣ. ನೌಕರಿಯ ಕಟ್ಟಿನೊಳಗೆ ಬುದ್ಧಿಯು ಬೆಳೆಯಬಲ್ಲುದು ಎಂಬುದಕ್ಕೆ ಬೆಲ್ ಪ್ರಯೋಗಶಾಲೆಯೇ ಸಾಕ್ಷಿ. ಒಂದು ಡಾಲರಿಗೆ ಪೇಟೆಂಟುಗಳನ್ನು ಬಿಟ್ಟುಕೊಟ್ಟುದಕ್ಕಾಗಿ ಬಾರ್ಡೀನನು ಕೆಲಸ ಬಿಡಲಿಲ್ಲ; ತನ್ನ ವಿಚಾರಕ್ಕೆ ಎಡೆ ತಪ್ಪಿದಾಗ ಬಿಟ್ಟನು. ಟೀಲನೂ ತನ್ನ ಹುಟ್ಟುನಾಡಾದ ಟೆಕ್ಸಾಸಿನ ಒಂದು ಕಂಪನಿಗೆ ಹೋಗಿ, 1954ರಲ್ಲಿ ಸಿಲಿಕಾನ್ ಟ್ರಾನ್ಸಿಸ್ಟರನ್ನು ಲೋಕದ ಮುಂದಿಟ್ಟನು. ಇಂಥವರು ಬಾಗಿಲು ದಾಟಿ ಹೋದ ನಷ್ಟವನ್ನು ಯಾವ ಕಂಪನಿಯ ಲೆಕ್ಕಪುಸ್ತಕವೂ ತೋರಿಸದು. ಉದ್ಯೋಗಕ್ಕೆ ಹೊರಟ ವಿದ್ಯಾರ್ಥಿಗಳು ಸಂಬಳವೆಷ್ಟೆಂದು ಕೇಳುವುದು ನ್ಯಾಯವೇ. ಅದರ ಜೊತೆಗೆ ಪಕ್ಕದ ಮೇಜಿನಲ್ಲಿ ಯಾರಿರುವರು, ಮಾಡಿದ ಕೆಲಸಕ್ಕೆ ಯಾರ ಹೆಸರು ಬರುವುದು, ಮೇಲಿನವರು ಒಪ್ಪದ ವಿಚಾರವನ್ನು ಹಗಲಿನಲ್ಲಿಯೇ ಪರೀಕ್ಷಿಸಲು ಅವಕಾಶವುಂಟೆ ಎಂಬುದನ್ನೂ ಅವರು ವಿಚಾರಿಸಿ ನೋಡಲಿ.