ತೋಟದ ಮರಕ್ಕೆ ಯಾವ ವಾರ್ನಿಷ್ ಹೊಡೆಯಬೇಕು?

ಪಿಲ್ಲಗುಂಪೆ ಕಾರ್ಖಾನೆಗಳ ಹಳೇ ಪ್ಯಾಕಿಂಗ್ ಪೈನ್ ಹಲಗೆಯಲ್ಲಿ ಗೇಟು, ಪಂಪ್‌ಹೌಸ್ ಬಾಗಿಲು ಮಾಡಿಸುವ ರೈತರು ನಮ್ಮ ಕಡೆ ಇದ್ದಾರೆ. ಪೈನ್ ಮೆದು ಮರ, ಬಯಲಲ್ಲಿ ಹಾಗೇ ಬಿಟ್ಟರೆ ಬೇಗ ಹಾಳಾಗುತ್ತೆ.

ಮೊದಲು ಹಲಗೆ ಮೇಲಿನ ಮುದ್ರೆ ನೋಡಿ. ‘ಎಚ್‌ಟಿ’ ಅಂದರೆ ಶಾಖ ಕೊಟ್ಟು ಸಂಸ್ಕರಿಸಿದ್ದು. ‘ಎಂಬಿ’ ಅಂದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು, ಸಾವಯವ ತೋಟಕ್ಕೆ ಬೇಡ.

ಮರಕ್ಕೆ ಮಳೆಯಷ್ಟೇ ಬಿಸಿಲೂ ಶತ್ರು. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಅನ್ನು ಅತಿನೇರಳೆ ಕಿರಣ ಒಡೆಯುತ್ತೆ. ಮಾಮೂಲಿ ವಾರ್ನಿಷ್ ಪಾರದರ್ಶಕ. ಕಿರಣ ಅದನ್ನು ದಾಟಿ ಹೋಗಿ ಕೆಳಗಿನ ಮರದ ಹಿಡಿತವನ್ನೇ ಸಡಿಲ ಮಾಡುತ್ತೆ. ಜೊತೆಗೆ ಮರ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗುತ್ತೆ. ಗಡುಸು ಪದರ ಬಿರುಕು ಬಿಟ್ಟು ಸಿಪ್ಪೆ ಏಳುತ್ತೆ. ಫ್ರೆಂಚ್ ಪಾಲಿಶ್, ಮೆಲಮೈನ್ ಮನೆಯೊಳಗಷ್ಟೇ ಸರಿ ಅನ್ನೋದು ಇದಕ್ಕೇ.

ಹಾಯಿಹಡಗಿನ ಕಂಬಗಳಿಗೆ ಅಂತಲೇ ಎಣ್ಣೆಯಂಶ ಹೆಚ್ಚಿರುವ, ಬಾಗಿದರೂ ಬಿರಿಯದ ವಾರ್ನಿಷ್ ಬಳಕೆಗೆ ಬಂತು. ದೋಣಿಗೆ ಹೊಂದುವ ಈ ಗುಣವೇ ನಮ್ಮ ಗೇಟಿಗೂ ಬೇಕು. ಡಬ್ಬಿ ಮೇಲೆ ‘ಮರೀನ್’ ಅಥವಾ ‘ಎಕ್ಸ್‌ಟೀರಿಯರ್’ ಅಂತ ಇದೆಯಾ, ಯುವಿ ರಕ್ಷಣೆ ಇದೆಯಾ ನೋಡಿ ತಗೊಳ್ಳಿ.

ಹೊಂಗೆ ಎಣ್ಣೆ ಸಾಲದಾ ಅಂತ ಕೇಳಬಹುದು. ಅದು ಒಣಗಿ ಪದರವಾಗುವ ಎಣ್ಣೆಯಲ್ಲ. ಅಗಸೆ ಎಣ್ಣೆ ಒಣಗುತ್ತೆ, ಆದರೆ ಬಿಸಿಲು ತಡೆಯಲ್ಲ, ಪದೇಪದೇ ಹಚ್ಚಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗೇ ಬಿಸಿಯಾಗಿ ಬೆಂಕಿ ಹತ್ತಬಹುದು. ಬಿಡಿಸಿ, ಬಯಲಲ್ಲಿ ಒಣಗಿಸಿ. ಸುಟ್ಟ ಎಂಜಿನ್ ಆಯಿಲ್ ಅಂತೂ ಬೇಡವೇ ಬೇಡ, ಅದರಲ್ಲಿರುವ ಭಾರಲೋಹ ಮಣ್ಣಿಗಿಳಿಯುತ್ತೆ.

ಹೊಡೆಯೋದು ಹೀಗೆ:

1. ಮರ ಪೂರ್ತಿ ಒಣಗಿರಲಿ. ನಮ್ಮಲ್ಲಿ ಜನವರಿಯಿಂದ ಮಾರ್ಚ್ ಒಳ್ಳೇ ಕಾಲ. ಇಬ್ಬನಿ ಆರಿದ ಮೇಲೆ, ಸುಡುಬಿಸಿಲು ಏರುವ ಮುಂಚೆ ಶುರು ಮಾಡಿ.
2. ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಧೂಳು ಒರೆಸಿ.
3. ಮೊದಲ ಕೋಟ್, ಡಬ್ಬಿಯಲ್ಲಿ ಹೇಳಿರುವ ತಿನ್ನರ್ ಬೆರೆಸಿ ತೆಳ್ಳಗೆ ಹೊಡೆಯಿರಿ, ಒಳಗೆ ಇಳಿಯಲಿ. ಆಮೇಲೆ ಮೂರು ಕೋಟ್. ಪ್ರತಿಸಲ ಒಣಗಿದ ಮೇಲೆ ಹಗುರವಾಗಿ ಉಜ್ಜಿ.
4. ಹಲಗೆಯ ಕೊಯ್ದ ತುದಿಗೆ ಒಂದು ಕೋಟ್ ಹೆಚ್ಚು. ನೀರು ಬೇಗ ಹೀರೋದು ಅಲ್ಲೇ.
5. ವರ್ಷಕ್ಕೊಮ್ಮೆ ನೋಡಿ. ಹೊಳಪು ಮಾಸಿದಾಗಲೇ ಉಜ್ಜಿ ಒಂದು ಕೋಟ್ ಕೊಟ್ಟರೆ ಸಾಕು. ಸಿಪ್ಪೆ ಏಳೋವರೆಗೂ ಬಿಟ್ಟರೆ ಪೂರ್ತಿ ಕೆರೆದು ಮೊದಲಿಂದ ಮಾಡಬೇಕು.

ಮಣ್ಣೊಳಗೆ ಹೂಳುವ ಕಂಬಕ್ಕೆ ಮಾತ್ರ ವಾರ್ನಿಷ್ ದುಡ್ಡು ದಂಡ. ಅಲ್ಲಿ ಶತ್ರು ತೇವ ಮತ್ತು ಗೆದ್ದಲು. ನೆಲದಲ್ಲಿ ಕಲ್ಲುಕಂಬ ನಿಲ್ಲಿಸಿ, ಮರ ಮಣ್ಣಿಗೆ ತಾಗದ ಹಾಗೆ ಅದಕ್ಕೆ ಬಿಗಿಯಿರಿ. ದ್ರಾಕ್ಷಿ ಚಪ್ಪರಕ್ಕೆ ನಮ್ಮೋರು ಕಲ್ಲುಕಂಬ ನೆಡೋದು ಸುಮ್ಮನೆ ಅಲ್ಲ.